ಮೂರು ವರ್ಷದ ಯಜಮಾನಿಕೆ

2024ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಯೇಡಶಿ ರಾಮಲಿಂಗ ಘಾಟ್ ಅಭಯಾರಣ್ಯದ ಕ್ಯಾಮೆರಾವೊಂದರಲ್ಲಿ ಗಂಡು ಹುಲಿಯ ಚಿತ್ರ ಮೂಡಿತು. ಆ ಅಭಯಾರಣ್ಯದ ಒಟ್ಟು ವಿಸ್ತೀರ್ಣ 22 ಚದರ ಕಿಲೋಮೀಟರ್ ಚಿಲ್ಲರೆ. ಅಲ್ಲಿ ಹುಲಿ ಇದ್ದೀತೆಂದು ಯಾರ ಎಣಿಕೆಯಲ್ಲೂ ಇರಲಿಲ್ಲ. ಮೈಮೇಲಿನ ಪಟ್ಟೆಗಳನ್ನು ಹಳೆಯ ಚಿತ್ರಗಳೊಡನೆ ತಾಳೆ ಹಾಕಿದಾಗ, ಅದು ಯವತ್ಮಾಳ ಜಿಲ್ಲೆಯ ಟಿಪೇಶ್ವರ ಅಭಯಾರಣ್ಯ ಬಿಟ್ಟು ಸುಮಾರು 450 ಕಿಲೋಮೀಟರ್ ನಡೆದು ಬಂದ ಎಳೆಯ ಗಂಡೆಂದು ಗೊತ್ತಾಯಿತು. ಜಾಗದ ಹೆಸರೇ ಅದಕ್ಕೂ ಅಂಟಿ 'ರಾಮಲಿಂಗ' ಎನಿಸಿಕೊಂಡಿತು. ಮರುತಿಂಗಳು ಅದನ್ನು ಹಿಡಿದು ಸಹ್ಯಾದ್ರಿ ಹುಲಿ ಮೀಸಲಿಗೆ ಬಿಡಲೆಂದು ತಾಡೋಬಾ ಕಡೆಯಿಂದ ತಂಡ ಬಂತು. ಅರಿವಳಿಕೆ ಕೋವಿ ಹೊತ್ತು ವಾರಗಟ್ಟಲೆ ಗುಡ್ಡ ಸುತ್ತಿದರೂ ಹುಲಿ ಕೈಗೆ ಸಿಗಲಿಲ್ಲ. ಅಷ್ಟರಲ್ಲಿ ಪಕ್ಕದ ಬಾರ್ಶಿ ತಾಲ್ಲೂಕಿನ ಹಟ್ಟಿಗಳಲ್ಲಿ ದನಕರು ಹೋಗತೊಡಗಿದ್ದವು.

ಕಲಬುರಗಿಯವರಿಗೆ ಇದು ದೂರದ ಸುದ್ದಿಯಲ್ಲ. ಸೊಲ್ಲಾಪುರ ನಮಗೆ ಪಕ್ಕದ ಮನೆ. ಆಸ್ಪತ್ರೆಗೆ, ಚಾದರಕ್ಕೆ, ಮದುವೆ ಜವಳಿಗೆ ಹೋಗಿ ಬರುವ ಊರು. ಅಲ್ಲಿಂದ ಇನ್ನೊಂದಿಷ್ಟು ಮುಂದೆ ಹೋದರೆ ಯೇಡಶಿ. ನಮ್ಮ ಜಿಲ್ಲೆಯ ಕಮಲಾಪುರದಿಂದ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ 135 ಕಿಲೋಮೀಟರ್ ಆಸುಪಾಸು. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಹಿರಿಯರೊಬ್ಬರು ಮೊಬೈಲಿನಲ್ಲಿ ಆ ಹುಲಿಯ ಚಿತ್ರ ತೋರಿಸಿ ಕೇಳಿದ್ದು ಇಷ್ಟೇ: "ಖರೇ ಹೇಳ್ರಿ ಸರ, ನಮ್ಮ ಕಡೀಗೂ ಬರ್ತದೇನು ಇದು?"

ಆ ಪ್ರಶ್ನೆಗೆ ಉತ್ತರ ಇರುವುದು ಹುಲಿ ಬಿಟ್ಟು ಬಂದ ಕಾಡಿನಲ್ಲಿ. ಎಳೆಯ ಗಂಡು ಹುಟ್ಟಿದೂರು ಬಿಡುವುದು ಅಲ್ಲಿ ಹಿರಿಯ ಗಂಡೊಂದು ತಳವೂರಿರುವುದಕ್ಕೆ. ಸಫಾರಿಯವರ ಕ್ಯಾಮೆರಾಗಳು ಬೆನ್ನು ಹತ್ತುವುದು, ಹೆಸರಿಟ್ಟು ಮುದ್ದಿಸುವುದು ಆ ಹಿರಿಯನನ್ನೇ. ಅವನ ಬದುಕನ್ನು ಕೊಂಚ ಹತ್ತಿರದಿಂದ ನೋಡಿದರೆ ರಾಜನ ವೈಭವವೇನೂ ಕಾಣದು. ಕಾಣುವುದು ಬಿಡುವಿಲ್ಲದ ಕಾವಲು.

ನಮ್ಮ ರಾಜ್ಯದಲ್ಲಿ ಇದನ್ನು ಅಳೆದು ನೋಡುವ ಕೆಲಸ ಶುರುವಾದದ್ದು ನಾಗರಹೊಳೆಯಲ್ಲಿ. 1990ರಲ್ಲಿ ಉಲ್ಲಾಸ ಕಾರಂತರು ಅಲ್ಲಿನ ಕೆಲವು ಹುಲಿಗಳ ಕೊರಳಿಗೆ ರೇಡಿಯೋ ಪಟ್ಟಿ ತೊಡಿಸಿ, ಆಂಟೆನಾ ಹಿಡಿದು ಹಗಲೂ ರಾತ್ರಿ ಹಿಂಬಾಲಿಸಿದರು. 'ಸುಂದರಿ' ಎಂಬ ಹೆಣ್ಣು ಹುಲಿ ಆ ಕಾಲದಲ್ಲೇ ಹೆಸರಾದದ್ದು. ಆ ಕೆಲಸದಿಂದ, ಅದಕ್ಕೂ ಮುಂಚೆ ನೇಪಾಳದ ಚಿತ್ವನದಲ್ಲಿ 1970ರ ದಶಕದಲ್ಲಿ ಶುರುವಾದ ಅಧ್ಯಯನದಿಂದ ಸ್ಪಷ್ಟವಾದ ಸಂಗತಿಯೆಂದರೆ, ಕಾಡಿನ ನಿಜವಾದ ಹಿಡುವಳಿದಾರರು ಹೆಣ್ಣು ಹುಲಿಗಳು. ನೀರು, ನೆರಳು, ಜಿಂಕೆ ಕಡವೆಗಳ ಸಮೃದ್ಧಿ ನೋಡಿ ಹೆಣ್ಣು ತನ್ನ ಜಾಗ ಹಿಡಿಯುತ್ತದೆ. ನಾಗರಹೊಳೆಯಂಥ ಹುಲುಸಾದ ಕಾಡಿನಲ್ಲಿ ಹದಿನೈದಿಪ್ಪತ್ತು ಚದರ ಕಿಲೋಮೀಟರ್ ಅದಕ್ಕೆ ಸಾಕು. ಗಂಡು ಲೆಕ್ಕ ಹಾಕುವುದು ಬೇರೆ ಬಗೆಯಲ್ಲಿ. ಎರಡು, ಮೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೆಣ್ಣುಗಳ ಜಾಗವನ್ನು ಒಟ್ಟಾಗಿ ಒಳಗೊಳ್ಳುವಂತೆ ತನ್ನ ಎಲ್ಲೆ ಹಾಕಿಕೊಳ್ಳುತ್ತದೆ. ಹೆಣ್ಣುಗಳು ಆಹಾರದ ಮೇಲೆ ಕೂತಿವೆ, ಗಂಡು ಹೆಣ್ಣುಗಳ ಮೇಲೆ ಕೂತಿದೆ. ಯಜಮಾನಿಕೆ ಎಂದರೆ ಇಷ್ಟೇ.

ಇಷ್ಟು ದೊಡ್ಡ ಜಾಗವನ್ನು ಒಂಟಿ ಪ್ರಾಣಿ ಕಾಯುವುದಾದರೂ ಹೇಗೆ? ರಾತ್ರಿಯೊಂದಕ್ಕೆ ಹತ್ತರಿಂದ ಇಪ್ಪತ್ತು ಕಿಲೋಮೀಟರ್ ನಡೆಯುತ್ತದೆ. ಮುಳ್ಳು ಪೊದೆಗಳಲ್ಲಿ ನುಗ್ಗಿ ಅಂಗಾಲು ಕೆಡಿಸಿಕೊಳ್ಳುವ ಬದಲು ಜೀಪಿನ ದಾರಿ, ಬೆಂಕಿ ರೇಖೆ, ಹಳ್ಳದ ಮರಳು ಹಿಡಿದು ಹೋಗುತ್ತದೆ. ಕ್ಯಾಮೆರಾ ಟ್ರ್ಯಾಪುಗಳನ್ನು ಅದೇ ದಾರಿಗಳ ಎರಡೂ ಬದಿ ಕಟ್ಟುವುದು ಇದಕ್ಕೇ. (ಜೀಪಿನ ಮುಂದೆ ಗತ್ತಿನಿಂದ ನಡೆದು ಬಂದ ಹುಲಿ ನಮಗೆ ದರ್ಶನ ಕೊಟ್ಟಿತೆಂದು ನಾವು ಬೀಗುತ್ತೇವೆ. ಅದರ ಮಟ್ಟಿಗೆ ನಾವು ಡ್ಯೂಟಿ ರಸ್ತೆಗೆ ಅಡ್ಡ ನಿಂತವರು.) ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತು, ಹೊರಳಿ, ಬಾಲ ಎತ್ತಿ ಮರದ ಬೊಡ್ಡೆಗೆ ಹಿಂದಕ್ಕೆ ಸಿಂಪಡಿಸುತ್ತದೆ. ವಾಲಿದ ಮರವಿದ್ದರೆ ವಾಲಿದ ಮಗ್ಗುಲಿನ ಅಡಿಭಾಗಕ್ಕೆ. ಮಳೆ ಬಂದರೂ ಅಲ್ಲಿನ ವಾಸನೆ ಬೇಗ ತೊಳೆದುಹೋಗದು.

ಆ ವಾಸನೆಯ ಬಗ್ಗೆ ಒಂದು ಮಾತು. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದ ಆರ್. ಎಲ್. ಬ್ರಹ್ಮಚಾರಿ ಎಂಬ ವಿಜ್ಞಾನಿ ವರ್ಷಗಟ್ಟಲೆ ಹುಲಿಯ ಈ ದ್ರವದ ಬೆನ್ನು ಬಿದ್ದಿದ್ದರು. ಅದರಲ್ಲಿ ಘಮ್ಮೆನ್ನುವ ಅಂಶವೊಂದಿತ್ತು. ಪರೀಕ್ಷಿಸಿದರೆ ಬಾಸ್ಮತಿ ಅಕ್ಕಿಗೆ ಪರಿಮಳ ಕೊಡುವ ರಾಸಾಯನಿಕವೇ ಅದು, 2-ಅಸಿಟೈಲ್-1-ಪೈರೋಲಿನ್. ಕಾಡಿನಲ್ಲಿ ಅಕ್ಕಿ ಬೇಯುವ ವಾಸನೆ ಬಂದರೆ ಹುಲಿ ಹಾದುಹೋಗಿದೆ ಎಂದು ತಿಳಿಯುವ ಗಾರ್ಡುಗಳ ಮೂಗು ಸುಳ್ಳು ಹೇಳುವುದಿಲ್ಲ. ಕಲಬುರಗಿಯ ಬಿರಿಯಾನಿ ಅಂಗಡಿಗಳ ಸಾಲಿನಲ್ಲಿ ಈ ಮಾತು ನೆನಪಾದರೆ ನನ್ನನ್ನು ಬೈಯಬೇಡಿ. ಮತ್ತೊಂದು ಹುಲಿ ಆ ಬೊಡ್ಡೆಯ ಬಳಿ ಬಂದು, ಮೂಗೊಡ್ಡಿ, ಮೇಲ್ದುಟಿ ಸುಕ್ಕಿಸಿ, ಬಾಯಿ ಅರ್ಧ ತೆರೆದು ನಿಲ್ಲುತ್ತದೆ. ನೋಡಿದವರಿಗೆ ಅಸಹ್ಯಪಟ್ಟುಕೊಂಡಂತೆ ಕಾಣುತ್ತದೆ. ಅಸಲಿಗೆ ಅದು ಅಂಗುಳಿನ ಮೇಲಿನ ಅಂಗವೊಂದಕ್ಕೆ ವಾಸನೆ ಎಳೆದುಕೊಂಡು ಓದುತ್ತಿರುತ್ತದೆ. ಹೋದದ್ದು ಗಂಡೋ ಹೆಣ್ಣೋ, ಪರಿಚಯದ್ದೋ ಹೊಸದೋ, ಬೆದೆಗೆ ಬಂದಿದೆಯೋ, ಎಷ್ಟು ದಿನವಾಯಿತು. ಯಜಮಾನ ಎಲ್ಲೆಯ ಕಡೆ ನಾಲ್ಕಾರು ವಾರ ಸುಳಿಯದಿದ್ದರೆ ಈ ಬರಹ ಮಾಸುತ್ತದೆ, ಜಾಗ ಖಾಲಿಯಾಗಿದೆ ಎಂಬ ಸುದ್ದಿ ಹರಡುತ್ತದೆ. ಗಾಯವಾಗಿ ಮಲಗಿದ ಹುಲಿ ತನ್ನ ರಾಜ್ಯ ಕಳೆದುಕೊಳ್ಳುವುದು ಎಷ್ಟೋ ಸಲ ಹೀಗೆಯೇ, ಕಾದಾಟವಿಲ್ಲದೆ.

ಹೊಟ್ಟೆಪಾಡೂ ಸುಲಭದ್ದಲ್ಲ. ಇನ್ನೂರು ಕಿಲೋಗೂ ಮೀರಿದ ಈ ದೇಹ ಹತ್ತಿಪ್ಪತ್ತು ಸಲ ಹೊಂಚು ಹಾಕಿದರೆ ಒಮ್ಮೆ ಬೇಟೆ ಸಿಕ್ಕೀತು. ವರ್ಷಕ್ಕೆ ಸರಾಸರಿ 50 ದೊಡ್ಡ ಪ್ರಾಣಿ ಬೇಕು, ಅಂದರೆ ವಾರಕ್ಕೊಂದು ಜಿಂಕೆಯೋ ಕಡವೆಯೋ. ಕಾಟಿಯ ಮೇಲೆ ಬಿದ್ದಾಗ ಲೆಕ್ಕ ತಪ್ಪಿದರೆ ಪಕ್ಕೆಲುಬು ಮುರಿಯುತ್ತದೆ. ಮುಳ್ಳುಹಂದಿಯ ಒಂದು ಮುಳ್ಳು ಮುಂಗಾಲಿಗೆ ನೆಟ್ಟರೆ ತಿಂಗಳಲ್ಲಿ ಯಜಮಾನಿಕೆ ಮುಗಿಯಬಹುದು. ಕೋರೆಹಲ್ಲು ಒಂದು ಮುರಿದರೂ ಅಷ್ಟೇ.

ಬಂಡೀಪುರದ 'ಪ್ರಿನ್ಸ್' ಅನ್ನು ನೋಡಿದವರು ಕಲಬುರಗಿಯಲ್ಲೂ ಇದ್ದಾರೆ. ಶಾಲಾ ಪ್ರವಾಸಕ್ಕೆ, ಊಟಿಯ ದಾರಿಯಲ್ಲಿ ಸಫಾರಿಗೆ ಇಳಿದವರು. ಜೀಪು ಕಂಡರೆ ಬೆದರದೆ ಎದುರಿಗೇ ಮಲಗುತ್ತಿದ್ದ ಆ ಗಂಡು ವರ್ಷಗಟ್ಟಲೆ ಬಂಡೀಪುರದ ಮುಖವೇ ಆಗಿತ್ತು. 2017ರ ಏಪ್ರಿಲ್‌ನಲ್ಲಿ ಕುಂದಕೆರೆ ವಲಯದಲ್ಲಿ ಅದರ ಶವ ಸಿಕ್ಕಿತು. ಮುಖದ ಭಾಗವೇ ಇರಲಿಲ್ಲ. ವಯಸ್ಸಾಗಿ ಸತ್ತಿತೋ, ಹಂದಿಗಿಟ್ಟ ಮದ್ದುಗುಂಡು ಕಚ್ಚಿತೋ ಎಂದು ಬಹುಕಾಲ ವಾದ ನಡೆಯಿತು. ರಾಜ್ಯದಲ್ಲಿ ಅತಿ ಹೆಚ್ಚು ಬಾರಿ ಕ್ಯಾಮೆರಾಕ್ಕೆ ಸಿಕ್ಕ ಹುಲಿಗಳಲ್ಲೊಂದರ ಕೊನೆಯನ್ನು ಮಾತ್ರ ಯಾರೂ ನೋಡಲಿಲ್ಲ.

ಈ ಗದ್ದುಗೆ ಎಷ್ಟು ಕಾಲದ್ದು? ಚಿತ್ವನದ ಹುಲಿಗಳ ಬದುಕನ್ನು ಹುಟ್ಟಿನಿಂದ ಸಾವಿನವರೆಗೆ ಬರೆದಿಟ್ಟ ಡೇವಿಡ್ ಸ್ಮಿತ್ ಮತ್ತು ಚಾರ್ಲ್ಸ್ ಮೆಕ್‌ಡೂಗಲ್ 1991ರಲ್ಲಿ ಪ್ರಕಟಿಸಿದ ಲೆಕ್ಕ ಇಲ್ಲಿ ಮುಖ್ಯ. ಹೆಣ್ಣು ಹುಲಿ ಮರಿ ಹಾಕುವ ಅವಧಿ ಸರಾಸರಿ 6.1 ವರ್ಷ. ಗಂಡಿಗೆ ಸಿಗುವುದು 2.8 ವರ್ಷ. ಎರಡು ವರ್ಷಕ್ಕೆ ತಾಯಿಯಿಂದ ಬೇರೆಯಾಗಿ, ಇನ್ನೆರಡು ಮೂರು ವರ್ಷ ಪರರ ಎಲ್ಲೆಗಳ ಸಂದಿಯಲ್ಲಿ ಕದ್ದು ಬದುಕಿ, ಬಲ ಕೂಡಿದ ಮೇಲೆ ಹಳಬನನ್ನು ಓಡಿಸಿ ಗೆದ್ದ ಜಾಗದ ಬಾಳಿಕೆ ಮೂರು ವರ್ಷಕ್ಕೂ ಕಡಿಮೆ! ನಮ್ಮ ಪಂಚಾಯಿತಿ ಸದಸ್ಯರ ಅವಧಿಗಿಂತ ಚಿಕ್ಕದು.

ಆ ಗಡಿಬಿಡಿಯೇ ಹುಲಿಲೋಕದ ಅತಿ ಕ್ರೂರ ಸಂಗತಿಗೆ ಮೂಲ. ಹೊಸ ಗಂಡು ಬಂದರೆ ಹಳಬನ ಮರಿಗಳನ್ನು ಹುಡುಕಿ ಕೊಲ್ಲುವುದುಂಟು. ಮರಿ ಕಳೆದುಕೊಂಡ ತಾಯಿ ಬೇಗನೆ ಮತ್ತೆ ಬೆದೆಗೆ ಬರುತ್ತದೆ. ಮರಿಗಳು ತಾಯಿಯ ಜೊತೆ ಒಂದೂವರೆಯಿಂದ ಎರಡು ವರ್ಷ ಇರುತ್ತವೆ. ಹೊಸ ಯಜಮಾನನಿಗೆ ಅಷ್ಟು ಕಾಲ ಕಾಯಲು ಪುರುಸೊತ್ತಿಲ್ಲ. ಹಾಗಾಗಿ ಗಂಡು ಬಲವಾಗಿ, ಹೆಚ್ಚು ವರ್ಷ ನಿಂತ ಕಾಡಿನಲ್ಲಿ ಮರಿಗಳು ಉಳಿಯುತ್ತವೆ. ಗಂಡುಗಳು ಮೇಲಿಂದ ಮೇಲೆ ಬದಲಾದ ಕಾಡಿನಲ್ಲಿ ಹೆಣ್ಣುಗಳಿದ್ದೂ ಸಂತತಿ ಏಳುವುದಿಲ್ಲ. ಬೇಟೆಗಾರನ ಒಂದು ಗುಂಡಿಗೆ ಯಜಮಾನ ಬಿದ್ದರೆ ಸತ್ತದ್ದು ಒಂದು ಹುಲಿ ಎಂದು ಎಣಿಸುವುದು ತಪ್ಪು ಲೆಕ್ಕ. ಅದರ ಹಿಂದೆ ಎರಡು ಮೂರು ಗೂಡಿನ ಮರಿಗಳೂ ಹೋಗಬಹುದು.

ಹಾಗೆಂದು ಗಂಡಿಗೆ ಮರಿಗಳ ಮೇಲೆ ಅಕ್ಕರೆಯೇ ಇಲ್ಲವೆನ್ನಲಾಗದು. 2011ರಲ್ಲಿ ರಣಥಂಭೋರಿನಲ್ಲಿ ತಾಯಿ ಸತ್ತ ಎರಡು ಹೆಣ್ಣು ಮರಿಗಳನ್ನು ಟಿ-25 ಎಂಬ ಗಂಡು ತನ್ನ ಜೊತೆ ಸುತ್ತಾಡಲು ಬಿಟ್ಟುಕೊಂಡಿತು, ತನ್ನ ಬೇಟೆ ತಿನ್ನಲು ಬಿಟ್ಟಿತು, ಬೇರೆ ಹುಲಿಯಿಂದ ಕಾಯಿತು. ಮರಿಗಳು ಬೆಳೆದವು. ಮುಂದೆ ಅವನ್ನು ಸರಿಸ್ಕಾಕ್ಕೆ ಒಯ್ದು ಬಿಟ್ಟರು. ಪುಸ್ತಕದ ಹುಲಿಗೂ ಕಾಡಿನ ಹುಲಿಗೂ ಇಷ್ಟು ಅಂತರ ಇದ್ದೇ ಇರುತ್ತದೆ.

ಸೋತವನ ಗತಿ ಏನು? ತಾಡೋಬಾದ 'ವಾಘಡೋಹ' ಒಂದು ಕಾಲಕ್ಕೆ ಅಲ್ಲಿನ ಅತಿ ದೊಡ್ಡ ಗಂಡು. ಸುಮಾರು 40 ಮರಿಗಳ ತಂದೆ ಎಂದು ಅದರ ಹೆಸರಿಗೆ ಲೆಕ್ಕವಿದೆ. ಎಳೆಯ ಗಂಡುಗಳ ಕೈಯಲ್ಲಿ ಜಾಗ ಕಳೆದುಕೊಂಡು, ಕೊನೆಗೆ ಚಂದ್ರಪುರದ ಆಸುಪಾಸಿನ ಕುರುಚಲು ಕಾಡಿನಲ್ಲಿ ದನ ಹಿಡಿದು ಬದುಕಿ, 2022ರ ಮೇನಲ್ಲಿ ಸತ್ತಿತು. ವಯಸ್ಸು ಹದಿನೇಳರ ಸುಮಾರು, ಕಾಡು ಹುಲಿಗೆ ಅಪರೂಪದ ಆಯುಸ್ಸು. ಸೋತವಕ್ಕೆ ನಮ್ಮ ರಾಜ್ಯದಲ್ಲೂ ಜಾಗ ಕಡಿಮೆ. 2022ರ ಗಣತಿಯಂತೆ ಇಲ್ಲಿ 563 ಹುಲಿಗಳಿವೆ. ದೇಶದಲ್ಲಿ ಮಧ್ಯಪ್ರದೇಶದ ನಂತರ ನಾವೇ. ಬಂಡೀಪುರ ಒಂದರಲ್ಲೇ 150, ನಾಗರಹೊಳೆಯಲ್ಲಿ 141. ಕಾಡು ತುಂಬಿದೆ, ಅಂಚಿನಲ್ಲಿ ಹೊಲವಿದೆ. 2025ರ ಅಕ್ಟೋಬರ್, ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದಾಗ, ನಮ್ಮ ಪಕ್ಕದ ಭಾಲ್ಕಿಯವರೇ ಆದ ಅರಣ್ಯ ಸಚಿವ ಈಶ್ವರ ಖಂಡ್ರೆ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸುವಂತೆ ಆದೇಶ ಕೊಡಬೇಕಾಯಿತು. ಅಂಚಿಗೆ ಬರುವುದೆಲ್ಲ ಸೋತ ಮುದಿ ಗಂಡೇ ಎಂದಲ್ಲ. ಮರಿಗಳಿರುವ ತಾಯಿ ಬರುತ್ತದೆ, ಜಾಗ ಸಿಗದ ಎಳೆಯವೂ ಬರುತ್ತವೆ.

ಆ ಎಳೆಯವುಗಳಲ್ಲಿ ಕೆಲವು ಅಂಚಿನಲ್ಲಿ ನಿಲ್ಲದೆ ನಡೆದುಬಿಡುತ್ತವೆ. ಬಂಡೀಪುರದಲ್ಲಿ 2010ರಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದ ಗಂಡೊಂದು ಮರುವರ್ಷ ಕಾಣಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲಿ, 280 ಕಿಲೋಮೀಟರ್ ಆಚೆ. ಟಿಪೇಶ್ವರದ್ದೇ ಇನ್ನೊಂದು ಹುಲಿ, ಕೊರಳಲ್ಲಿ ರೇಡಿಯೋ ಪಟ್ಟಿ ಇದ್ದ 'ವಾಕರ್', 2019ರ ಜೂನ್‌ನಲ್ಲಿ ಹೊರಟು ಮಹಾರಾಷ್ಟ್ರ, ತೆಲಂಗಾಣಗಳ ಹೊಲ, ಹಳ್ಳ, ಹೆದ್ದಾರಿ ಸುತ್ತಿ ಬುಲಢಾಣಾ ಜಿಲ್ಲೆಯ ಜ್ಞಾನಗಂಗಾ ಅಭಯಾರಣ್ಯ ಸೇರಿತು. 2020ರ ಮಾರ್ಚ್ ಹೊತ್ತಿಗೆ ಅದರ ಒಟ್ಟು ನಡಿಗೆ 3000 ಕಿಲೋಮೀಟರ್. ಆ ಕಾಡಿನಲ್ಲಿ ಬೇಟೆಯಿತ್ತು, ಎದುರಾಳಿ ಇರಲಿಲ್ಲ, ಹೆಣ್ಣೂ ಇರಲಿಲ್ಲ. ನಾಗಝಿರಾದಿಂದ ಉಮರೇಡ್ ಕರಹಂಡ್ಲಾಕ್ಕೆ 2013ರಲ್ಲಿ ನಡೆದು ಬಂದ 'ಜಯ್' ಅಲ್ಲಿ ಯಜಮಾನನೇ ಆಯಿತು, ನಾಡಿಗೆಲ್ಲ ಹೆಸರಾಯಿತು. 2016ರ ಏಪ್ರಿಲ್ ನಂತರ ಅದನ್ನು ಕಂಡವರಿಲ್ಲ. ಅದರ ಮಗ 'ಶ್ರೀನಿವಾಸ' ಮರುವರ್ಷ ಹೊಲವೊಂದರ ವಿದ್ಯುತ್ ತಂತಿಗೆ ಸಿಕ್ಕಿ ಸತ್ತಿತು. ಹೊರಟ ಗಂಡುಗಳಲ್ಲಿ ಗದ್ದುಗೆ ಕಾಣುವವು ಕೆಲವೇ. ಹುಲಿ ರಾಜನೆನ್ನುವುದಾದರೆ ಅದು ಬಹುಪಾಲು ಪಟ್ಟವಿಲ್ಲದ ರಾಜ.

ಈಗ ನಮ್ಮ ಕಡೆಗೆ ಬರೋಣ. ನಕ್ಷೆ ಹರಡಿ ಅಳೆದರೆ ಟಿಪೇಶ್ವರದಿಂದ ಯೇಡಶಿಗೆ ಆಕಾಶಮಾರ್ಗದಲ್ಲಿ ಸುಮಾರು 300 ಕಿಲೋಮೀಟರ್. ಟಿಪೇಶ್ವರದಿಂದ ನಮ್ಮ ಜಿಲ್ಲೆಯ ಚಿಂಚೋಳಿಗೂ ಹೆಚ್ಚುಕಡಿಮೆ ಅಷ್ಟೇ! ರಾಮಲಿಂಗ ಪಶ್ಚಿಮಕ್ಕೆ ಹೊರಳುವ ಬದಲು ದಕ್ಷಿಣಕ್ಕೆ ನಡೆದಿದ್ದರೆ ಗೋದಾವರಿ, ಮಾಂಜ್ರಾ ದಾಟಿ ಚಿಂಚೋಳಿಯ ಕೊಂಚಾವರಂ ಕಾಡಿಗೆ ಬಂದು ನಿಲ್ಲುತ್ತಿತ್ತು. ಇತ್ತ ತೆಲಂಗಾಣದ ಅಮ್ರಾಬಾದ್ ಹುಲಿ ಮೀಸಲು ಚಿಂಚೋಳಿಗೆ 200 ಕಿಲೋಮೀಟರ್ ಆಸುಪಾಸಿನಲ್ಲಿದೆ. ಎರಡು ದಿಕ್ಕಿನಿಂದಲೂ ಎಳೆಯ ಗಂಡಿನ ನಡಿಗೆಯ ಅಳತೆಯೊಳಗೇ ಇದೆ ನಮ್ಮ ಜಿಲ್ಲೆ. ಹಾಗಾಗಿ ಬಾಳೆ ಬೆಳೆಗಾರರ ಪ್ರಶ್ನೆಗೆ ನನ್ನ ಉತ್ತರ: ಬರಬಹುದು. ಬಂದರೆ ಅಚ್ಚರಿಪಡುವಂಥದ್ದೇನಿಲ್ಲ.

ಇದ್ದೀತೇ ಎಂಬುದು ಬೇರೆ ಮಾತು. ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ, ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಅದನ್ನು ಕರೆಯುತ್ತಾರೆ. ಚಂದ್ರಂಪಳ್ಳಿ ಜಲಾಶಯದ ನೀರು, ಗೊಟ್ಟಂಗೊಟ್ಟದ ಗುಡ್ಡ, ನಡುನಡುವೆ ಲಂಬಾಣಿ ತಾಂಡಾಗಳು. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ, ಕಾಡುಹಂದಿಗಳ ನೆಲೆ. ನನ್ನ ಕೇಳಿದರೆ ಅದು ತೋಳದ ಕಾಡು, ಮತ್ತು ತೋಳದ ಕಾಡಾಗಿಯೇ ಅದಕ್ಕೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ. ಒಂದು ಗಂಡು ಯಜಮಾನನಾಗಿ, ಮೂರು ಹೆಣ್ಣುಗಳೊಡನೆ ನಿಲ್ಲಬೇಕಾದರೆ ಏನು ಬೇಕು, ಲೆಕ್ಕ ಹಾಕಿ. ಹುಲಿಯೊಂದು ವರ್ಷಕ್ಕೆ ತಿನ್ನುವ 50 ಪ್ರಾಣಿ ಅಲ್ಲಿನ ಗೊರಸುಪ್ರಾಣಿಗಳ ಹತ್ತರಲ್ಲೊಂದು ಪಾಲು ಮೀರಬಾರದು. ಅಂದರೆ ಹುಲಿಯೊಂದಕ್ಕೆ 500, ನಾಲ್ಕಕ್ಕೆ 2000. ಚದರ ಕಿಲೋಮೀಟರಿಗೆ ಹದಿನೈದು ಜಿಂಕೆ, ಕಡವೆಗಳು ಆ ಕಾಡಿನಲ್ಲಿ ಎಲ್ಲಿವೆ? ಇರುವ ಚಿಗರಿ ಹಿಂಡುಗಳು ಕಾಡಿನೊಳಗಿಗಿಂತ ಹೊರಗೆ, ತೊಗರಿ ಹೊಲಗಳಲ್ಲಿವೆ. ಬಂದ ಹುಲಿಗೆ ಸುಲಭಕ್ಕೆ ಸಿಗುವುದು ತಾಂಡಾದ ದನ. ಚಿಂಚೋಳಿ ಹುಲಿಗೆ ತಂಗುದಾಣವಾದೀತು, ಮನೆಯಾಗದು. ಇಲ್ಲಿ ಹುಲಿ ತಂದು ಬಿಟ್ಟರೆ ಪ್ರವಾಸೋದ್ಯಮ ಬೆಳೆಯುತ್ತದೆ ಎನ್ನುವವರು ಮೊದಲು ಜಿಂಕೆ ಬೆಳೆಸುವ ಮಾತಾಡಲಿ.

ತಂಗುವುದಕ್ಕಾದರೂ ಅದು ದಾಟಿ ಬರಬೇಕು. ಹುಮನಾಬಾದ್ ಹಾದುಹೋಗುವ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ ರಾತ್ರಿ ಲಾರಿಗಳು ಬಿಡುವು ಕೊಡುವುದಿಲ್ಲ. ಬೀದರ್–ಕಲಬುರಗಿ ರೈಲು ಮಾರ್ಗ 2017ರಿಂದ ಕಮಲಾಪುರದ ಕೆಂಪು ಗುಡ್ಡಗಳನ್ನು ಸೀಳಿಕೊಂಡು ಓಡುತ್ತಿದೆ. ಇವನ್ನು ಹುಲಿ ಹೇಗೋ ದಾಟುತ್ತದೆ. ಕಾರ್ತಿಕ ಕಳೆದ ಮೇಲೆ ಆಳೆತ್ತರ ನಿಂತ ತೊಗರಿ, ಕಬ್ಬಿನ ಗದ್ದೆ ಅದಕ್ಕೆ ಕಾಡಿನಷ್ಟೇ ಮರೆ. ಹಗಲೆಲ್ಲ ಅಲ್ಲಿ ಮಲಗಿ ರಾತ್ರಿ ನಡೆದರೆ ಎಷ್ಟೋ ಊರುಗಳಿಗೆ ಸುಳಿವೇ ಸಿಗದು. ದಾಟಲಾಗದ್ದು ಎರಡು. ಒಂದು, ಹಂದಿ ಕಾಟಕ್ಕೆಂದು ಕಂಬದ ಕರೆಂಟನ್ನು ನೇರವಾಗಿ ಬೇಲಿಗೆ ಕೊಟ್ಟ ತಂತಿ. ಇದು ಕಾನೂನಿಗೆ ವಿರುದ್ಧ, ಮತ್ತು ಹುಲಿಗಿಂತ ಮೊದಲು ಕೊಲ್ಲುವುದು ನೀರು ಹಾಯಿಸಲು ಹೋದ ಮನೆಯವರನ್ನೇ. ಇನ್ನೊಂದು, ಸತ್ತ ದನಕ್ಕೆ ಬೆರೆಸುವ ವಿಷ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷದ ದನ ತಿಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಒಟ್ಟಿಗೆ ಸತ್ತವು. ಆಕಳು ಕಳೆದುಕೊಂಡವನ ಸಿಟ್ಟು ಸುಳ್ಳಲ್ಲ. ಪರಿಹಾರದ ಹಣ ವಾರದೊಳಗೆ ಕೈಗೆ ಬಂದರೆ ಆ ಸಿಟ್ಟು ವಿಷದ ಬಾಟಲಿಯವರೆಗೆ ಹೋಗುವುದು ಕಡಿಮೆಯಾದೀತು. ಇಲಾಖೆ ಇಲ್ಲಿ ಮಾಡಬೇಕಾದ ಮೊದಲ ಕೆಲಸ ಅದು, ಫಲಕ ಹಾಕುವುದಲ್ಲ.

ಮೂರನೆಯದೊಂದಿದೆ, ನಮ್ಮ ಗದ್ದಲ. ಮೊಹರಂ ಅಲಾಯಿ ಮುಂದೆ ಮೈಗೆ ಹಳದಿ, ಕಪ್ಪು ಬಳಿದುಕೊಂಡು ಕುಣಿಯುವ ಹುಲಿವೇಷ, ಮೃಗಾಲಯದ ಪಂಜರ, ಇವು ಬಿಟ್ಟರೆ ನಮ್ಮ ಭಾಗದ ಎರಡು ಮೂರು ತಲೆಮಾರು ಹುಲಿ ನೋಡಿಲ್ಲ. ಚಿರತೆ ಬಂದದಂತ ಎಂಬ ವಾಟ್ಸ್‌ಆ್ಯಪ್ ವಿಡಿಯೊ ಬಂದರೇ ಊರಿಗೂರೇ ಬಡಿಗೆ ಹಿಡಿದು ಹೊಲಕ್ಕೆ ಇಳಿಯುತ್ತದೆ. ನಡೆದುಕೊಂಡು ಹೋಗುತ್ತಿರುವ ಎಳೆಯ ಹುಲಿ ಸಾಮಾನ್ಯವಾಗಿ ಎರಡು ದಿನದಲ್ಲಿ ಊರು ದಾಟುತ್ತದೆ. ಸುತ್ತುವರಿದು ನಿಂತರೆ ಮಾತ್ರ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ಆಗ ಯಾರಾದರೊಬ್ಬರು ಗಾಯಗೊಳ್ಳುತ್ತಾರೆ, ಆಮೇಲೆ ಹುಲಿಯೂ ಉಳಿಯುವುದಿಲ್ಲ.

ಆದ್ದರಿಂದ ಕಮಲಾಪುರ, ಚಿಂಚೋಳಿ, ಆಳಂದ ಕಡೆಯ ರೈತರಲ್ಲಿ ಒಂದು ವಿನಂತಿ. ಹೊಲದ ಹಸಿ ಮಣ್ಣಿನಲ್ಲಿ ಅಂಗೈಗಿಂತ ಅಗಲವಾದ, ಉಗುರಿನ ಗುರುತಿಲ್ಲದ ದುಂಡನೆಯ ಹೆಜ್ಜೆ ಕಂಡರೆ ಅದರ ಮೇಲೆ ಬುಟ್ಟಿ ಕವುಚಿಡಿ, ತುಳಿದು ಅಳಿಸಬೇಡಿ. ಫೋಟೊ ತೆಗೆಯುವಾಗ ಪಕ್ಕದಲ್ಲೊಂದು ಬೀಡಿ ಕಟ್ಟೋ ಬೆಂಕಿಪೊಟ್ಟಣವೋ ಇಡಿ, ಅಳತೆ ಗೊತ್ತಾಗುತ್ತದೆ. ಆ ಫೋಟೊವನ್ನು ಗ್ರೂಪಿಗೆ ಹಾಕುವ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನಾಲ್ಕು ದಿನ ಸಂಜೆ ಆರರ ಮೇಲೆ ಒಂಟಿಯಾಗಿ ಹೊಲಕ್ಕೆ ಹೋಗಬೇಡಿ, ದನಗಳನ್ನು ಕೊಟ್ಟಿಗೆಯೊಳಗೆ ಕಟ್ಟಿ, ಬೇಲಿಯ ಕರೆಂಟು ತೆಗೆಯಿರಿ.